ಪೂರ್ವಕ್ಕೆ ಮುಖ ಮಾಡಿ ಇಳಿಯಬೇಕಿದ್ದ ವಿಮಾನ

ವಿಮಾನ ಬರುವ ಹೊತ್ತಿಗೆ ಎಲ್ಲರೂ ಆಕಾಶ ನೋಡುತ್ತಿದ್ದರು. ನಾನು ನಮ್ಮ ಅತ್ತೆಯ ಸೆರಗು ನೋಡುತ್ತಿದ್ದೆ. ಅವರು ಆರತಿ ತಟ್ಟೆ ಹಿಡಿದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು. ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡು ಬೆನ್ನ ಹಿಂದೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ತಟ್ಟೆಯ ದೀಪ ಹಚ್ಚಿದಷ್ಟು ಸಲವೂ ಆರುತ್ತಿತ್ತು.

ಗಾಳಿಯ ವಿಷಯ ನನಗೆ ಗೊತ್ತು. ಅದೇ ನನ್ನ ಕೆಲಸ. ರಾಯದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನಮ್ಮ ಕಡೆ ಜನ ಫ್ಯಾನು ಅನ್ನುತ್ತಾರೆ. ಅಂಥ ಒಂದಷ್ಟು ಫ್ಯಾನುಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಯಾವುದು ಎಷ್ಟು ತಿರುಗುತ್ತಿದೆ, ಗಾಳಿ ಯಾವ ಕಡೆಯಿಂದ ಎಷ್ಟು ಜೋರಾಗಿದೆ ಎಂದು ದಿನವಿಡೀ ಗಮನಿಸುತ್ತೇನೆ. ಶ್ರಾವಣದಲ್ಲಿ ಇಲ್ಲಿ ಗಾಳಿ ಪಶ್ಚಿಮದಿಂದಲೇ ಬರುತ್ತದೆ. ಬಿಸಿಲೇರಿದ ಮೇಲೆ ಒಮ್ಮೆ ಹಿಡಿಯಿತೆಂದರೆ ಸಂಜೆಯವರೆಗೆ ಬಿಡುವುದಿಲ್ಲ. ಇದನ್ನು ಹೇಳಿಕೊಳ್ಳುವುದು ಜಂಬಕ್ಕಲ್ಲ. ಆ ಹೊತ್ತಿನಲ್ಲಿ ಅಲ್ಲಿ ನಿಂತಿದ್ದವರ ಪೈಕಿ ಏನಾಗಲಿದೆ ಎಂದು ಮುಂಚೆಯೇ ತಿಳಿದದ್ದು ನನಗೊಬ್ಬಳಿಗೆ. ಹೋದ ಶ್ರಾವಣದ ಮಾತು ಇದು. ಇವತ್ತಿಗೂ ಕಂಪ್ಯೂಟರಿನ ಪರದೆಯ ಮೇಲೆ ಗಾಳಿಯ ಬಾಣ ಪೂರ್ವಕ್ಕೆ ತಿರುಗಿ ನಿಂತರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಒಮ್ಮೆ ಕಿಟಕಿಯಾಚೆ ಆಕಾಶ ನೋಡುತ್ತೇನೆ.

ಆ ವಿಮಾನದಲ್ಲಿ ಇದ್ದವರು ಇಬ್ಬರು: ನನ್ನ ತಮ್ಮ, ನಮ್ಮಮ್ಮ. ಓಡಿಸುತ್ತಿದ್ದವನು ತಮ್ಮ.

ನಮ್ಮ ತವರು ಮಡಕಶಿರದಿಂದ ಅಗಳಿಗೆ ಹೋಗುವ ದಾರಿಯಲ್ಲಿ. ನನ್ನನ್ನು ಕೊಟ್ಟಿರುವುದು ಡಿ. ಹಿರೇಹಾಳಿನ ಕಡೆಗೆ. ಎರಡೂ ತೆಲುಗು ಸೀಮೆಗೆ ಸೇರಿದ ಒಂದೇ ಜಿಲ್ಲೆಯ ಎರಡು ತುದಿಗಳಾಗಿದ್ದವು. ಈಗ ಜಿಲ್ಲೆಯೂ ಬೇರೆಯಾಗಿದೆ. ಮದುವೆಯ ದಿನ ಎರಡೂ ಕಡೆಯವರು ಒಬ್ಬರ ಕನ್ನಡಕ್ಕೆ ಒಬ್ಬರು ನಕ್ಕು, ಆಮೇಲೆ ಜಗಳ ಬರುವ ಮಾತುಗಳನ್ನೆಲ್ಲ ತೆಲುಗಿನಲ್ಲೇ ಮುಗಿಸಿಕೊಂಡಿದ್ದರು. ತಮ್ಮ ಡಿಗ್ರಿ ಮುಗಿಸಿ ವಿಮಾನ ಓಡಿಸುವುದನ್ನು ಕಲಿತ. ಕಲ್ಲಿನ ವ್ಯಾಪಾರ ಮಾಡುವ ಒಬ್ಬ ಸಾಹುಕಾರರು ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಹಳೆಯ ವಿಮಾನ ಕೊಂಡು ಬೆಂಗಳೂರಿನ ಹೊರಗೊಂದು ಮೈದಾನದಲ್ಲಿ ಇಟ್ಟಿದ್ದಾರೆ. ಅವರನ್ನು ಅಲ್ಲಿಂದಿಲ್ಲಿಗೆ ಕರೆದೊಯ್ಯುವ ಪೈಲಟ್ ಇವನು.

ನನ್ನ ತಮ್ಮ ಒಳ್ಳೆಯ ಪೈಲಟ್. ಮೊದಲೂ ಹಾಗೇ ನಂಬಿದ್ದೆ, ಈಗ ಇನ್ನೂ ಹೆಚ್ಚು ನಂಬುತ್ತೇನೆ. ಅವನಿಗಿದ್ದ ತೊಂದರೆ ಒಂದೇ. ಹಿರಿಯರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಬೀಗರ ಕಡೆಯ ಹೆಂಗಸರೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಅವನ ಎಲೆಗೆ ಹೋಳಿಗೆ ಹಾಕಿದ್ದರು. ಒಂದಕ್ಕೂ ಕೈ ಅಡ್ಡ ಹಿಡಿಯದೆ ತಿಂದು, ಕೊನೆಗೆ ಚಪ್ಪರದ ಹಿಂದೆ ಹೋಗಿ ಕೂತು ಅಷ್ಟನ್ನೂ ಕಕ್ಕಿದ. ಅವತ್ತು ನಕ್ಕಿದ್ದೆವು.

ಇತ್ತ ನಮ್ಮ ಮಾವನವರು ಮಂಡಲ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರಾದವರು. ಪಂಚಾಂಗ ಅವರಿಗೆ ಬಾಯಿಪಾಠ. ನಮ್ಮ ಮನೆಗೆ ಬರುವ ಯಾವ ಹೊಸ ವಾಹನವೂ ರಾಹುಕಾಲಕ್ಕೆ ಮುಂಚೆ, ಪೂರ್ವಕ್ಕೆ ಮುಖ ಮಾಡಿ ಬರಬೇಕು. ಮನೆಯವರು ಎದುರಿಗೆ ಹೋಗಿ ನಿಂತು ಆರತಿ ಎತ್ತಬೇಕು. ಹೊಸ ಟ್ರ್ಯಾಕ್ಟರ್ ಬಂದಾಗ ಷೋರೂಮಿನ ಡ್ರೈವರನ್ನು ಊರ ಬಾಗಿಲಿನಿಂದ ಹಿಂದಕ್ಕೆ ಕಳಿಸಿ, ಕೆರೆ ಸುತ್ತಿಸಿ, ಪಡುವಣದ ದಾರಿಯಿಂದ ಒಳಗೆ ಬರುವಂತೆ ಮಾಡಿದ್ದರು. ನಮ್ಮ ಫ್ರಿಜ್ಜು ಕೂಡ ಗಾಡಿಯಿಂದ ಪೂರ್ವಕ್ಕೆ ಮುಖ ಮಾಡಿಯೇ ಇಳಿಯಿತು. ಯಾರೂ ಅವರಿಗೆ ಎದುರು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಟ್ರ್ಯಾಕ್ಟರಿಗೆ ಯಾವ ದಿಕ್ಕಾದರೇನು?

ವಿಮಾನಕ್ಕೆ ದಿಕ್ಕು ಬೇಕು. ಅದು ಗಾಳಿಗೆ ಎದುರಾಗಿ ಇಳಿಯಬೇಕು. ಎದುರುಗಾಳಿ ಅದನ್ನು ತಡೆದು ನೆಲದ ಮೇಲೆ ನಿಧಾನವಾಗಿ ಕೂರಿಸುತ್ತದೆ. ಗಾಳಿ ಬೆನ್ನಿಗಿದ್ದರೆ ದೂಡುತ್ತದೆ. ನೆಲ ಸಿಗುವಷ್ಟರಲ್ಲಿ ದಾರಿ ಮುಗಿದಿರುತ್ತದೆ. ಕೆರೆಯ ಏರಿಯ ಮೇಲೆ ಕೊಕ್ಕರೆ ಇಳಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಿ. ಹಿರೇಹಾಳಿನ ಆಚೆ, ಬಯಲಿನಲ್ಲಿ, ಅದಿರಿನ ಭರಾಟೆಯ ಕಾಲದಲ್ಲಿ ಯಾರೋ ಗಣಿಯವರು ಮಾಡಿಸಿದ ಒಂದು ರನ್‌ವೇ ಇದೆ. ಪೂರ್ವ ಪಶ್ಚಿಮಕ್ಕೆ ಚಾಚಿಕೊಂಡ, ಅಲ್ಲಲ್ಲಿ ಬಿರುಕು ಬಿಟ್ಟ ಟಾರು. ಈಗ ಅಲ್ಲಿರುವುದು ಒಬ್ಬ ವಾಚ್‌ಮನ್, ಒಂದಷ್ಟು ಮೇಕೆ. ಗಾಳಿ ತೋರಿಸುವ ಚೀಲದ ಕಂಬ ಉಳಿದಿದೆ, ಚೀಲ ಹೋಗಿದೆ. ಸಾಹುಕಾರರು ಅದನ್ನು ಬಾಡಿಗೆಗೆ ಹಿಡಿದು, ಜಾಲಿ ಕಡಿಸಿ, ಬೇಕಾದ ಅನುಮತಿಗಳನ್ನೆಲ್ಲ ತಂದರು. ತಮ್ಮ ಮೊದಲು ಒಂದು ಸಲ ಹೋಗಿ ಇಳಿದು ನೋಡಿ ಬರಬೇಕೆಂದಾಗ, “ನಿಮ್ಮ ಅಕ್ಕನ ಊರು ಅಲ್ವೇನಯ್ಯ, ನಿಮ್ಮಮ್ಮನ್ನೂ ಕೂರಿಸ್ಕೊಂಡು ಹೋಗು,” ಎಂದರಂತೆ. ದಿನ ಶ್ರಾವಣ ಶುಕ್ರವಾರ. ಅಮ್ಮ ಎರಡು ದಿನ ಮುಂಚೆಯೇ ಬಸ್ಸಿನಲ್ಲಿ ಬೆಂಗಳೂರು ಸೇರಿದಳು. ಅಪ್ಪ, “ನನಗೆ ನೆಲವೇ ಸಾಕು,” ಅಂದು ಊರಲ್ಲೇ ಉಳಿದ.

ಬೆಳಿಗ್ಗೆ ಹೊರಡುವ ಮುಂಚೆ ತಮ್ಮ ಫೋನ್ ಮಾಡಿದ.

“ಅಕ್ಕ, ಗಾಳಿ ಎಂಗೈತೆ ಅಲ್ಲಿ?”

“ಪಡುವಲಿಂದ. ಆಗಲೇ ಜೋರಾಗೈತೆ. ನೀನು ಬರೋ ಹೊತ್ತಿಗೆ ಇನ್ನೂ ಏರ್ತದೆ.”

“ಸರಿ ಬಿಡು. ಮೂಡಲ ತುದಿ ಮ್ಯಾಲಿಂದ ಬಂದು ಪಡುವಲ ಮುಖಕ್ಕೆ ಇಳೀತೀನಿ. ಜನ ಬಂದ್ರೆ ಪಕ್ಕಕ್ಕೆ ನಿಲ್ಸು, ತುದೀಲಿ ಯಾರೂ ಬ್ಯಾಡ.”

ಅಷ್ಟೇ ಮಾತು. ಅದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

ನಾನು ಆಫೀಸಿನಿಂದ ಅರ್ಧ ದಿನದ ಮಟ್ಟಿಗೆ ಬಿಡಿಸಿಕೊಂಡು ಸ್ಕೂಟಿಯಲ್ಲಿ ಹೋದೆ. ನನ್ನ ಗಂಡ ಬಳ್ಳಾರಿಯಲ್ಲಿ ಡ್ಯೂಟಿಯ ಮೇಲಿದ್ದರು. ರನ್‌ವೇ ಮುಟ್ಟಿದಾಗ ನಮ್ಮ ಮನೆಯ ಟ್ರ್ಯಾಕ್ಟರ್ ಆಗಲೇ ಬಂದಿತ್ತು. ಮಾವ, ಅತ್ತೆ, ಓಣಿಯ ಏಳೆಂಟು ಹೆಂಗಸರು ರನ್‌ವೇಯ ಪೂರ್ವದ ತುದಿಯಲ್ಲಿ, ಟಾರಿನ ನಟ್ಟನಡುವೆ, ಪಶ್ಚಿಮಕ್ಕೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಅವರ ಬೆನ್ನ ಹಿಂದೆ ರಸ್ತೆ, ರಸ್ತೆಯ ಗುಂಟ ಕರೆಂಟಿನ ತಂತಿ.

“ಮೂರು ಗಾಲಿ ಅಂತಲ್ರಿ ಅದಕ್ಕ?” ಪಕ್ಕದ ಮನೆಯಾಕೆ ಕೇಳುತ್ತಿದ್ದಳು. “ಹಂಗಾರ ಹಾರೋ ಆಟೋ ಅನ್ರಿ.”

“ಆಟೋದಾಗಾದ್ರ ಹತ್ತು ಮಂದಿ ಹಿಡೀತಾರ. ಇದರಾಗ ನಾಲ್ಕ ಅಂತ,” ಇನ್ನೊಬ್ಬಳು ಅಂದಳು. “ಲುಕ್ಸಾನು ಬಿಡು.”

ನಾನು ಮಾವನವರ ಹತ್ತಿರ ಹೋದೆ. “ಮಾವಾ, ಇಲ್ಲಿ ನಿಲ್ಲಂಗಿಲ್ಲ. ಎಲ್ರೂ ಪಕ್ಕಕ್ಕ ಬರ್ರಿ. ನನ್ನ ತಮ್ಮ ಈ ಕಡಿಂದ, ನಮ್ಮ ತಲಿ ಮ್ಯಾಲಿಂದ ಬಂದು ಆ ಮುಖಕ್ಕ ಇಳಿತಾನ.”

“ಇಲ್ಲ, ಇಲ್ಲ,” ಅಂದರು ಅವರು, ಕೈಗಡಿಯಾರ ನೋಡುತ್ತ. “ಅವ ಆ ಕಡಿಂದ ಬಂದು ನಮ್ಮ ಎದುರಿಗೆ ಇಳಿತಾನ. ನಿನ್ನೆ ನಿಮ್ಮಮ್ಮಗ ಫೋನ್ ಮಾಡಿ ಹೇಳೀನಿ. ಪೂರ್ವಕ್ಕ ಮುಖ ಇರ್ಲಿ, ಹತ್ತೂವರಿಗೆ ರಾಹುಕಾಲ, ಅದರೊಳಗ ನೆಲ ಮುಟ್ರಿ ಅಂತ. ಆತ್ರಿ ಬೀಗರ, ಅಂದಾರ.”

“ಗಾಳಿ ನೋಡ್ರಿ ಮಾವಾ. ಬೆನ್ನಿಗೆ ಗಾಳಿ ಇಟ್ಕೊಂಡು ವಿಮಾನ ಇಳಿಸಾಕ ಬರಂಗಿಲ್ಲ.”

“ಗಾಳಿಗೇನವ್ವಾ, ದಿನಾ ಬೀಸ್ತೈತಿ. ಶ್ರಾವಣ ಶುಕ್ರವಾರ ದಿನಾ ಬರ್ತೈತೇನು?”

ಹೆಂಗಸರು ನಕ್ಕರು. ನಾನು ತಮ್ಮನಿಗೆ ಫೋನ್ ಹಚ್ಚಿದೆ. ಹೋಗಲಿಲ್ಲ. ಆದರೂ ನನಗೆ ಧೈರ್ಯವಿತ್ತು. ಬೆಳಿಗ್ಗೆ ಅವನೇ ತನ್ನ ಬಾಯಿಂದ ಹೇಳಿದ್ದ. ಅವನಿಗೆ ಕಲಿಸಿದ ಮೊದಲ ಪಾಠವೇ ಅದು.

ದಕ್ಷಿಣದಿಂದ ಸದ್ದು ಬಂತು. ಬಿಳಿಯ ಪುಟ್ಟ ವಿಮಾನ ರನ್‌ವೇಯ ಮೇಲೆ ಒಂದು ಸುತ್ತು ಹಾಕಿತು. ಅದು ಸರಿ, ಇಳಿಯುವ ಮೊದಲು ನೆಲ ನೋಡಬೇಕು. ಸುತ್ತು ಮುಗಿಸಿ ಪೂರ್ವಕ್ಕೆ ಹೋಗಬೇಕಿತ್ತು. ಪಶ್ಚಿಮಕ್ಕೆ ಹೋಯಿತು. ದೂರಕ್ಕೆ ಹೋಗಿ, ಸಣ್ಣದಾಗಿ, ತಿರುಗಿತು. ತಿರುಗಿ ನಮ್ಮ ಕಡೆಗೆ ಮೂಗು ಮಾಡಿತು.

“ನೋಡಿದ್ಯಾ?” ಅಂದರು ಮಾವ.

ಆ ನೋಟವನ್ನು ನಾನು ಈಗಲೂ ಮತ್ತೆ ಮತ್ತೆ ನೋಡುತ್ತೇನೆ. ಅನ್ನಕ್ಕೆ ಇಟ್ಟು ಒಲೆಯ ಮುಂದೆ ನಿಂತಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಅದು ಬರುತ್ತದೆ. ಮೊದಲು ಅಲುಗಾಡದೆ ನಿಂತಂತೆ ಕಾಣುವ ಒಂದು ಬಿಳಿ ಚುಕ್ಕೆ. ಆಮೇಲೆ ಅದಕ್ಕೆ ರೆಕ್ಕೆ. ರೆಕ್ಕೆಯ ಕೆಳಗೆ ಗಾಲಿ. ರನ್‌ವೇಯ ಆ ತುದಿಯನ್ನು ದಾಟಿದಾಗ ಅದು ಇರಬೇಕಾದ್ದಕ್ಕಿಂತ ಮೇಲಿತ್ತು, ಇರಬೇಕಾದ್ದಕ್ಕಿಂತ ಜೋರಾಗಿತ್ತು. ನೆಲಕ್ಕೆ ಆಳುದ್ದ ಎತ್ತರದಲ್ಲಿ ತೇಲುತ್ತ ಬಂತು, ಬಂತು, ಇಳಿಯಲೇ ಇಲ್ಲ. ಅರ್ಧ ರನ್‌ವೇ ಹಾಗೇ ಕಳೆಯಿತು. ಹಿಂದಿನ ಗಾಳಿ ಅದನ್ನು ಒತ್ತಿಕೊಂಡು ನಮ್ಮ ಕಡೆಗೆ ತರುತ್ತಿತ್ತು.

ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ತೆಲುಗಿನಲ್ಲಿ ಕೂಗಿದೆ ಅಂತ ಆಮೇಲೆ ಪಕ್ಕದ ಮನೆಯಾಕೆ ಹೇಳಿದಳು. ಅತ್ತೆಯ ರಟ್ಟೆ ಹಿಡಿದು ಎಳೆದೆ. ಆರತಿ ತಟ್ಟೆ ಟಾರಿನ ಮೇಲೆ ಬಿದ್ದು ಉರುಳಿತು. ಹೆಂಗಸರು ನನ್ನ ದನಿಗೆ ಹೆದರಿದರೋ ವಿಮಾನಕ್ಕೆ ಹೆದರಿದರೋ, ಎರಡೂ ಕಡೆಗೆ ಚೆದುರಿ ಓಡಿದರು. ಮಾವನವರು ಮಾತ್ರ ನಿಂತೇ ಇದ್ದರು. ಅವರ ಕೈಯಲ್ಲಿ ಹೂವಿನ ಹಾರವಿತ್ತು. ಅವರನ್ನು ಮುಟ್ಟಿ ಎಳೆದದ್ದು ಅದೇ ಮೊದಲು. ಸೊಸೆಯಾಗಿ ಬಂದಷ್ಟು ವರ್ಷಗಳಲ್ಲಿ ಅವರ ಕೈ ತಾಕಿದ್ದು ನನಗೆ ನೆನಪಿರಲಿಲ್ಲ. ಎರಡೂ ಕೈಯಿಂದ ಅಂಗಿ ಹಿಡಿದು ಎಳೆದೆ. ಇಬ್ಬರೂ ಅಂಚಿನ ಗರಸಿನ ಮೇಲೆ ಬಿದ್ದೆವು.

ವಿಮಾನ ಆಗ ನೆಲ ಮುಟ್ಟಿತು. ಮುಟ್ಟಿ ಚೆಂಡಿನಂತೆ ಪುಟಿಯಿತು, ಮತ್ತೆ ಬಡಿಯಿತು. ಉಳಿದಿದ್ದ ದಾರಿ ಸ್ವಲ್ಪವೇ. ಆಮೇಲೆ ಎಂಜಿನ್ ಒಮ್ಮೆಗೇ ಬೊಬ್ಬೆಯಿಟ್ಟಿತು. ಅದು ಇಳಿಯುವ ಸದ್ದಲ್ಲ, ಏರುವ ಸದ್ದು ಎಂದು ನನಗೆ ತಿಳಿಯಿತು. ಮೂಗು ಎತ್ತಿಕೊಂಡು, ನಾವು ನಿಂತಿದ್ದ ಜಾಗದ ಮೇಲಿಂದಲೇ ಅದು ಹಾದುಹೋಯಿತು. ಗಾಲಿಗೆ ಮೆತ್ತಿದ್ದ ಕೆಂಪು ಮಣ್ಣು ಕಂಡಿತು. ಮುಂದಿನ ಗಾಜಿನ ಒಳಗೆ ಅಮ್ಮನ ಹಸಿರು ಸೀರೆ ಕಂಡಿತು. ಕರೆಂಟಿನ ತಂತಿಯ ಹತ್ತಿರ ಅದು ತೂಗಾಡಿತು. ಏರಲೋ ಬೇಡವೋ ಎಂದು ಯೋಚಿಸುವಂತೆ. ತಂತಿ ದಾಟಿತು. ಶೇಂಗಾ ಹೊಲಗಳ ಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ ಎತ್ತರ ಹಿಡಿಯಿತು.

ಎರಡನೆಯ ಸಲ ತಮ್ಮ ಪೂರ್ವದ ಕಡೆಯಿಂದ ಬಂದ. ನಾನು ಎಲ್ಲರನ್ನೂ ಟ್ರ್ಯಾಕ್ಟರಿನ ಹಿಂದೆ ನಿಲ್ಲಿಸಿದ್ದೆ. ಈ ಸಲ ಯಾರೂ ಎದುರು ಮಾತಾಡಲಿಲ್ಲ. ಗಾಳಿಗೆ ಎದೆಯೊಡ್ಡಿ, ಯಾರೋ ಕೈಯಲ್ಲಿ ಹಿಡಿದು ತಂದು ಇಟ್ಟಂತೆ ವಿಮಾನ ಕೂತಿತು. ಅರ್ಧ ರನ್‌ವೇ ಕೂಡ ಬೇಕಾಗಲಿಲ್ಲ. ಒಂದೇ ನೆಲ, ಒಂದೇ ವಿಮಾನ, ಅದೇ ಕೈ. ಅಷ್ಟು ಸುಲಭವಾದದ್ದು ಮೊದಲ ಸಲ ಹಾಗೆ ಆಗಿತ್ತಲ್ಲ ಎಂದು ನನಗೆ ಆಗ ಸಿಟ್ಟು ಬಂತು.

ಜನಕ್ಕೆ ಏನಾಯಿತೆಂದು ತಿಳಿಯಲಿಲ್ಲ. ಅಥವಾ ತಮಗೆ ಬೇಕಾದಂತೆ ತಿಳಿದುಕೊಂಡರು.

“ದೇವ್ರಿಗೆ ಪ್ರದಕ್ಷಿಣಿ ಹಾಕ್ದಂಗ ಹಾಕಿದ ನೋಡ್ರಿ,” ಅಂದಳು ಒಬ್ಬಾಕೆ.

ಅಮ್ಮ ನಗುತ್ತ ಇಳಿದಳು. “ನೋಡ್ದೇನೇ? ನಿನ್ ತಲೆ ಮ್ಯಾಗೆ ಬಂದು ಮತ್ತೆ ಮೇಲಕ್ಕೋದ್ವಿ! ಒಟ್ಟೆ ಒಳಗೆ ಜುಂ ಅಂತು ಕಣೆ. ಬೇಕಂತ್ಲೇ ಮಾಡ್ದ, ಕಳ್ಳ.” ಆಮೇಲೆ ನೆಲ ನೋಡಿದಳು. “ಆರತಿ ಯಾಕೆ ಚೆಲ್ಲೋಗೈತೆ?”

ತಮ್ಮ ಇಳಿಯಲಿಲ್ಲ. ಎಂಜಿನ್ ನಿಂತ ಮೇಲೂ ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಕೂತಿದ್ದ. ಮಾವನವರು ಅವನಿಗೆ ಹಾಕಬೇಕಿದ್ದ ಹಾರವನ್ನು ವಿಮಾನದ ಮೂತಿಗೆ ಹಾಕಲು ಹೋದರು. “ಅಲ್ಲಿ ಮುಟ್ಟಬ್ಯಾಡಿ,” ಅಂದ ಒಳಗಿನಿಂದ. ಅಷ್ಟೇ.

ಪೂಜೆ ಆಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಹೆಂಗಸರೆಲ್ಲ ಅಮ್ಮನನ್ನು ಸುತ್ತುವರಿದಾಗ ನಾನು ತಮ್ಮನನ್ನು ರೆಕ್ಕೆಯ ಆಚೆಗೆ ಕರೆದೆ.

“ಗಾಳಿ ಬಗ್ಗೆ ನಾನು ಯೋಳಿದ್ನೋ ಇಲ್ವೋ?”

“ಯೋಳಿದ್ದೆ.”

“ಮತ್ತೆ?”

ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಸುತ್ತು ಹಾಕುವವರೆಗೆ ಅವನು ಪಶ್ಚಿಮಕ್ಕೇ ಇಳಿಯುವವನಿದ್ದ. ಅಷ್ಟರಲ್ಲಿ ಅಮ್ಮ ಕೆಳಗೆ ಸಾಲಾಗಿ ನಿಂತ ನಮ್ಮನ್ನು ಕಂಡಳು. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಅವಳ ಮಾತು ನೇರ ಅವನ ಕಿವಿಯೊಳಗೆ. ಬೀಗರಿಗೆ ಮಾತು ಕೊಟ್ಟಿದ್ದೀನಿ, ಪೂರ್ವಕ್ಕೆ ಇಳಿಸು, ರಾಹುಕಾಲ ಬಂತು, ಅಗೋ ನಿಮ್ಮಕ್ಕ, ಅಗೋ ಆರತಿ, ನನ್ನ ಮಾನ ಉಳಿಸೋ. ತೋಳು ಹಿಡಿದಿದ್ದಳು. ಇವನು ವೇಗ ನೋಡಬೇಕಾದಾಗ ಅಮ್ಮನಿಗೆ ಉತ್ತರ ಕೊಡುತ್ತಿದ್ದ. ಎತ್ತರ ನೋಡಬೇಕಾದಾಗ ಅವಳ ಕೈಯನ್ನು ನೋವಾಗದಂತೆ ಬಿಡಿಸುತ್ತಿದ್ದ. ಮತ್ತೆ ಮೇಲೆ ಏರುವಾಗ ರೆಕ್ಕೆಯ ಹಿಂದಿನ ಅಂಚನ್ನು ಮಡಿಚಿಕೊಳ್ಳಬೇಕು. ಅದು ಇಳಿಯಲು ಬಿಚ್ಚಿದ್ದು, ಬಿಚ್ಚಿಯೇ ಇದ್ದರೆ ವಿಮಾನ ಏರಲು ಒದ್ದಾಡುತ್ತದೆ. ಅದನ್ನೂ ತಂತಿ ಕಂಡ ಮೇಲೆ ನೆನಪಿಸಿಕೊಂಡನಂತೆ.

“ಗೊತ್ತಿಲ್ದೆ ಮಾಡಿದ್ರೆ ಬ್ಯಾರೆ ಮಾತು ಕಣಕ್ಕ,” ಅಂದ. “ಬೆನ್ನಿಗೆ ಗಾಳಿ ಐತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಇಳ್ಸೋಕೋದೆ. ಇಲ್ಲ ಕಣಮ್ಮ ಅಂತ ಒಂದು ಮಾತು. ಬಾಯಿಗೆ ಬರ್ಲಿಲ್ಲ.”

ಅವನ ಕಣ್ಣಲ್ಲಿ ನೀರಿತ್ತು. ಸಮಾಧಾನ ಹೇಳಬಹುದಿತ್ತು. ನಾನು ಹೇಳಲಿಲ್ಲ.

“ಮಧ್ಯಾಹ್ನ ಅಮ್ಮನ್ನ ಕೂರಿಸ್ಕೊಂಡು ನೀನು ವಾಪಸ್ ಓಗ್ಬೇಕು,” ಅಂದೆ. “ಅಷ್ಟರೊಳಗೆ ಆ ಮಾತು ನಿನ್ ಬಾಯಿಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಅಮ್ಮ ನನ್ ಜೊತೆ ಬಸ್ಸಿನಾಗೆ ಬತ್ತಾಳೆ. ನಿನ್ ವಿಮಾನ ಹತ್ತಕ್ಕೆ ನಾನು ಬಿಡಲ್ಲ.”

ಅವನು ವಿಮಾನದ ಮೂಗಿನ ಗಾಲಿಯ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಾಕಿ ನೋಡತೊಡಗಿದ. ಒಂದೊಂದು ನಟ್ಟನ್ನೂ ಮುಟ್ಟಿ ನೋಡಿದ, ಮೂತಿಯಲ್ಲಿ ತಿರುಗುವ ಫ್ಯಾನಿನ ತುದಿಗಳನ್ನು ಬೆರಳಿನಿಂದ ಸವರಿದ, ಎಲ್ಲದರ ಫೋಟೋ ತೆಗೆದು ತನಗೆ ಕಲಿಸಿದ ಗುರುಗಳಿಗೂ ವಿಮಾನದ ಮೆಕ್ಯಾನಿಕ್‌ಗೂ ಕಳಿಸಿದ. ಸಾಹುಕಾರರಿಗೆ ಫೋನ್ ಮಾಡಿ, “ಮೊದಲನೇ ಸಲ ತಪ್ಪಾಗಿ ಇಳಿಸಿದೆ ಸಾರ್, ಬಲವಾಗಿ ಬಡೀತು,” ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದು ನನಗೆ ಕೇಳಿಸಿತು. ಮೆಕ್ಯಾನಿಕ್ ವೀಡಿಯೋದಲ್ಲೇ ನೋಡಿ, ಇನ್ನಷ್ಟು ಕಡೆ ತಟ್ಟಿಸಿ ಎಳೆಸಿ, ಏನೂ ಆಗಿಲ್ಲ ಎಂದ ಮೇಲೆಯೇ ಅವನು ಊಟಕ್ಕೆ ಬಂದದ್ದು.

ಮನೆಯಲ್ಲಿ ಹಬ್ಬದ ಊಟ. ಅತ್ತೆ ಎರಡನೆಯ ಹೋಳಿಗೆ ತಂದಾಗ ತಮ್ಮ ಎಲೆಯ ಮೇಲೆ ಕೈ ಅಡ್ಡ ಇಟ್ಟ. ಅತ್ತೆ ಕೈಯ ಪಕ್ಕದಲ್ಲೇ ಹಾಕಿದರು. ಅವನು ತಿನ್ನಲಿಲ್ಲ. ಎಲೆಯಲ್ಲಿ ಬಿಟ್ಟು ಎದ್ದ. ಅತ್ತೆ ನನ್ನ ಮುಖ ನೋಡಿದರು.

ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾವ ಅಂದರು, “ಇವತ್ತು ಹೋಗಂಗಿಲ್ಲ. ಶ್ರಾವಣ ಶುಕ್ರವಾರ ಮುತ್ತೈದಿನ ಮನಿಯಿಂದ ಕಳಿಸಿದ್ರ ಲಕ್ಷ್ಮಿನ್ನ ಕಳಿಸಿದಂಗ. ನಾಳಿ ಮುಂಜಾನಿ ಹೋಗ್ರಿ. ಅಷ್ಟರಾಗ ಸಂಜಿಗೆ ಊರ ಮ್ಯಾಲ ಒಂದು ರೌಂಡ್ ಹಾಕಿದ್ರ ಎಲ್ರೂ ನೋಡ್ತಾರ.”

ಅಮ್ಮ ಆಗಲೇ, “ಅಂಗೇ ಆಗ್ಲಿ ಬಿಡಿ ಅಣ್ಣಾರೆ,” ಅಂದಿದ್ದಳು.

ತಮ್ಮ ಚಾಪೆಯ ಮೇಲೆ ಕೂತಿದ್ದವನು ಎದ್ದು ನಿಂತ. ಕಾಲಿಗೆ ಬೀಳುತ್ತಾನೆ ಅಂದುಕೊಂಡೆ.

“ಆಗಲ್ಲ ಮಾವಾರೆ,” ಅಂದ. “ಈ ಗಾಳೀಲಿ ವಿಮಾನ ಬಯಲಾಗೆ ರಾತ್ರಿ ಬಿಡೋಕಾಗಲ್ಲ. ಇವತ್ತೇ ಓಯ್ತೀವಿ.”

ಮಾವ ಅಡಕತ್ತರಿ ಕೆಳಗಿಟ್ಟರು.

“ಹಂಗಾರ ಏರ್ಸುವಾಗರ ಪೂರ್ವಕ್ಕ ಮುಖ ಮಾಡು,” ಅಂದರು ಮಾವ, ದನಿ ಸ್ವಲ್ಪ ಗಡುಸಾಗಿ.

“ಅದೂ ಆಗಲ್ಲ. ಪಡುವಲಿಂದ ಗಾಳಿ ಇದ್ರೆ ಪಡುವಲಕ್ಕೇ ಏರ್ಸೋದು. ಬೆಳಿಗ್ಗೆ ನಿಮ್ ಮಾತು ನಡೆಸ್ಬೇಕು ಅಂತ ಓದೆ. ಅದು ನನ್ ತಪ್ಪು, ನಿಮ್ದಲ್ಲ. ಆದ್ರೆ ನೀವೆಲ್ಲ ಅಲ್ಲಿ ನಿಂತಿದ್ರಿ. ಅಕ್ಕ ಎಳೀದೆ ಇದ್ದಿದ್ರೆ, ನಾನು ಇನ್ನೊಂಚೂರು ತಡ ಮಾಡಿದ್ರೆ...” ಮುಂದಿನದನ್ನು ಅವನು ಹೇಳಲಿಲ್ಲ. “ಇನ್ನೊಂದ್ಸಲ ಯಾರು ಯೋಳಿದ್ರೂ ಮಾಡಲ್ಲ.”

ಮಾವನವರು ಅವನನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ಅಷ್ಟು ಹತ್ರ ಬಂದಿತ್ತೇನವ್ವಾ?”

“ಬಂದಿತ್ತು ಮಾವಾ.”

“ಪ್ರದಕ್ಷಿಣಿ ಅಂದ್ರಲ್ಲ ಅವ್ರು.”

“ಅಲ್ಲ ಮಾವಾ.”

ಅವರ ಅಂಗಿಯ ತೋಳಿಗೆ ಗರಸಿನ ಮಣ್ಣು ಇನ್ನೂ ಹತ್ತಿತ್ತು. ಅದನ್ನು ಕೊಡವಿಕೊಳ್ಳುತ್ತ ಎದ್ದು ಒಳಗೆ ಹೋದರು. ನಮ್ಮ ಮಾವನವರು ತಪ್ಪಾಯಿತು ಅನ್ನುವ ಜಾತಿಯಲ್ಲ. ಅಮ್ಮನನ್ನೂ ತಮ್ಮನನ್ನೂ ಬೀಳ್ಕೊಡಲು ರನ್‌ವೇಗೆ ಬರಲಿಲ್ಲ. ಅತ್ತೆಯ ಕೈಯಲ್ಲಿ ಅಮ್ಮನಿಗೆ ಸೀರೆ, ಬಾಳೆಹಣ್ಣು ಕಳಿಸಿದರು. ಆದರೆ ಆವತ್ತಿನಿಂದ ಅವರಿಗೊಂದು ಹೊಸ ಅಭ್ಯಾಸ ಹತ್ತಿದೆ. ನಾನು ಆಫೀಸಿಗೆ ಹೊರಡುವಾಗ, ಪಂಚಾಂಗದಿಂದ ತಲೆ ಎತ್ತದೆ, “ಗಾಳಿ ಎಲ್ಲಿಂದೈತಿ ಇವತ್ತು?” ಎಂದು ಕ್ಯಾಲೆಂಡರಿನ ತಿಥಿ ಕೇಳುವ ದನಿಯಲ್ಲಿ ಕೇಳುತ್ತಾರೆ.

ರನ್‌ವೇಯಲ್ಲಿ ಅಮ್ಮ ಬೆಳಿಗ್ಗೆ ಬಂದಂತೆಯೇ ಕೂರಲು ಮುಂದಿನ ಬಾಗಿಲಿಗೆ ಹೋದಳು. ತಮ್ಮ ಹಿಂದಿನ ಸೀಟು ತೋರಿಸಿದ.

“ಹಿಂದಕ್ಕಾ?” ಅವಳಿಗೆ ನಂಬಿಕೆಯಾಗಲಿಲ್ಲ. “ಅಡೆದೋಳನ್ನ ಮೂಟೆ ಇಕ್ಕಿದಂಗೆ ಹಿಂದಕ್ಕಿಕ್ತೀಯೇನ್ಲಾ?”

“ಹೂಂ ಕಣಮ್ಮ.”

“ಆ ಕಿವಿಗಾಕ್ಕೊಳೋದು ಕೊಡು ಮತ್ತೆ.”

“ಕೊಡ್ತೀನಿ. ಆದ್ರೆ ನಾನು ಇಂಗೆ ಕೈ ಎತ್ತಿದ್ ಮೇಲೆ ನೀನು ಮಾತಾಡಂಗಿಲ್ಲ. ಇಳಿದು ಎಂಜಿನ್ ನಿಲ್ಲೋಗಂಟ ಒಂದು ಮಾತೂ ಇಲ್ಲ. ಬೆಂಕಿ ಬಿದ್ರೆ ಮಾತ್ರ ಯೋಳು.”

“ಬಿಡ್ತು ಅನ್ನು!” ಅಮ್ಮ ನನ್ನ ಕಡೆ ತಿರುಗಿದಳು, ನಾನು ಮಧ್ಯೆ ಬರುತ್ತೇನೆಂದು. ನಾನು ಅವಳ ಸೀರೆಯ ನೆರಿಗೆ ಸರಿಮಾಡಿ ಹಿಂದಿನ ಸೀಟಿಗೆ ಹತ್ತಿಸಿ ಬೆಲ್ಟು ಹಾಕಿದೆ. ಬಸ್ಸಿನ ಮಾತು ನಾನು ಎತ್ತಲಿಲ್ಲ. ಎತ್ತುವ ಕಾರಣ ಉಳಿದಿರಲಿಲ್ಲ.

ಪಶ್ಚಿಮಕ್ಕೆ ಮುಖ ಮಾಡಿ, ಗಾಳಿಯನ್ನು ಎದುರಿಗೆ ಇಟ್ಟುಕೊಂಡು ವಿಮಾನ ಓಡಿತು. ರನ್‌ವೇಯ ಅರ್ಧಕ್ಕಿಂತ ಮೊದಲೇ ನೆಲ ಬಿಟ್ಟಿತು. ನಿಜ ಹೇಳುತ್ತೇನೆ, ಅದು ಚುಕ್ಕೆಯಾಗುವವರೆಗೆ ನನ್ನ ಮುಷ್ಟಿ ಬಿಚ್ಚಲಿಲ್ಲ. ಆದರೆ ಅದು ಹೋಗುವ ರೀತಿಯಲ್ಲಿ ಹೆದರಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಆಫೀಸಿಗೆ ಮರಳಿ ಪರದೆಯ ಮುಂದೆ ಕೂತೆ. ಸಂಜೆ ಅಮ್ಮನ ಫೋನ್ ಬಂತು. ಸಿಟ್ಟಿನಲ್ಲಿದ್ದಳು.

“ಇಳಿದ್ವಿ ಕಣೆ. ನಿನ್ ತಮ್ಮ ಎಂಥಾ ಕಲ್ಲಾಗವ್ನೆ ಗೊತ್ತಾ? ನಮ್ಮೂರ ಮ್ಯಾಗೇ ಬಂದ್ವಿ. ಮನೆ ಮ್ಯಾಲೊಂದು ಸುತ್ತು ಆಕ್ಸೋ, ನಿಮ್ಮಪ್ಪ ಮಾಳಿಗೆ ಅತ್ತಿ ಕಾಯ್ತಾ ಇರ್ತಾನೆ, ನಾನು ಯೋಳಿವ್ನಿ ಅಂದೆ.”

“ಆಕ್ಸಿದ್ನಾ?”

“ಎಲ್ಲಿ? ಇಲ್ಲ ಅಂದ. ನನಗೇ. ಬಾಯಿ ಬಿಟ್ಟು ಇಲ್ಲ ಅಂದ! ಮೋಡ ಕಟ್ತಾ ಐತೆ, ನೇರ ಓಗ್ಬೇಕು ಅಂತ. ಆಮ್ಯಾಕೆ ಕೈ ಎತ್ತಿದ ನೋಡು, ಅಷ್ಟೇ, ಇಬ್ರೂ ಮೂಗರು.”

ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. “ಇಳಿಯುವಾಗ ಎಂಗಿತ್ತಮ್ಮ?”

“ಇಳಿದಿದ್ದು ಯಾವಾಗ ಅಂತ್ಲೇ ಗೊತ್ತಾಗ್ಲಿಲ್ಲ. ಗಾಲಿ ತಿರುಗೋ ಸದ್ದು ಬಂದ್ಮೇಲೆ ಗೊತ್ತಾಗಿದ್ದು. ಅದೇನೋ ಸರಿಯಾಗೇ ಮಾಡ್ದ.” ಆಮೇಲೆ ಅನುಮಾನದಿಂದ, “ನಗ್ತಾ ಇದ್ಯೇನೇ?” ಅಂದಳು.

“ಇಲ್ಲಮ್ಮ.”

“ಮೊದ್ಲು ನಿಮ್ಮಪ್ಪಂಗೆ ಫೋನ್ ಮಾಡು. ಮಾಳಿಗೆ ಇಳಿದು ಕಾಫಿ ಕುಡಿ ಅಂತ ಯೋಳು. ಇನ್ನೂ ಆಕಾಶ ನೋಡ್ಕೊಂಡು ನಿಂತಿರ್ತಾನೆ ಪಾಪ.”